ಅಣ್ಣನ ಒಂಬತ್ತು ನಂಬರಿನ ಬೂಟು

ತಮ್ಮನಾಗಿ ಹುಟ್ಟಿದವನಿಗೆ ಹೊಸ ಬೂಟಿನ ಯೋಗ ಕಡಿಮೆ. ನಮ್ಮಪ್ಪ ನನ್ನ ಅಣ್ಣ ರಾಘಣ್ಣನಿಗೆ ಯಾವಾಗಲೂ ಒಂದು ನಂಬರು ದೊಡ್ಡ ಬೂಟನ್ನೇ ಕೊಡಿಸುತ್ತಿದ್ದರು. ಬೆಳೆಯುವ ಕಾಲು, ಸಡಿಲ ಇರಲಿ ಎಂಬುದು ಅವರ ಸಿದ್ಧಾಂತ. ಅದು ಅವನಿಗೆ ಸರಿಹೋಗಿ, ಬಿಗಿಯಾಗಿ, ಹಿಮ್ಮಡಿ ಸವೆದು ನನಗಿಳಿದಾಗಲೂ ನನ್ನ ಕಾಲಿಗೆ ದೊಡ್ಡದೇ ಆಗಿರುತ್ತಿತ್ತು. ತುದಿಯಲ್ಲಿ ಹಳೆಯ ಬನಿಯನ್ನಿನ ಚೂರು ತುರುಕಿಕೊಂಡು ಶಾಲೆಗೆ ಹೊರಟರೆ ನಾನು ಮೊದಲು ಹೊರಡುತ್ತಿದ್ದೆ, ಬೂಟು ಆಮೇಲೆ. ಅತ್ತರೆ ಅವ್ವ, "ಬರೋ ವರ್ಷ ಸರಿ ಹೋಗ್ತಾವ ಸುಮ್ನಿರು" ಎನ್ನುತ್ತಿದ್ದಳು. ಹೋಗುತ್ತಲೂ ಇದ್ದವು.

ನಿವೃತ್ತರಾದ ಮೇಲೆ ನಾವಿಬ್ಬರೂ ಕುಷಾಯಿಗೂಡದಲ್ಲಿ ಎದುರುಬದುರು ಮನೆಯಲ್ಲಿದ್ದು, ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಹೆದರಿ ಬೆಳಿಗ್ಗೆ ಸೈಕಲ್ ತುಳಿಯತೊಡಗಿದೆವು. ತುಳಿದದ್ದಕ್ಕಿಂತ ನಿಂತದ್ದೇ ಹೆಚ್ಚು. ದಾರಿಯ ಪ್ರತಿಯೊಂದು ಹನುಮಪ್ಪನ ಗುಡಿಗೂ ರಾಘಣ್ಣ ಒಳಗೆ ಹೋಗಿ ಕೈ ಮುಗಿಯಬೇಕು, ಇರಾನಿ ಹೋಟೆಲಿನಲ್ಲಿ ನಾನು ಚಹಾ ಕುಡಿಯಬೇಕು. ಹೀಗಿರುವಾಗ ಒಂದು ದಿನ ನಮ್ಮನ್ನು ಹಿಂದೆ ಹಾಕಿ ಹೋದ ಸವಾರನೊಬ್ಬನ ಪಾದಗಳು ಪೆಡಲಿಗೆ ಅಂಟಿಕೊಂಡಂತಿದ್ದುದು ರಾಘಣ್ಣನ ಕಣ್ಣಿಗೆ ಬಿತ್ತು. ವಿಚಾರಿಸಿದಾಗ ತಿಳಿಯಿತು: ಬೂಟಿನ ಅಡಿಗೆ ಕಬ್ಬಿಣದ ತುಂಡೊಂದಿರುತ್ತದೆ, ಅದು ಪೆಡಲನ್ನು ಕಚ್ಚಿ ಲಾಕ್ ಆಗುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಅಂದಿನಿಂದ ಅದೇ ಧ್ಯಾನ.

"ಕಾಲ ಕಟ್ಟಿಸ್ಕೊಂಡು ಬೀಳೋದು ಯಾಕ ಬೇಕೋ ಅಣ್ಣಾ?" ಎಂದೆ.

"ಮೊದಲ ನಾ ಬಿದ್ದು ನೋಡ್ತೀನಿ ಗೋಪ್ಯಾ, ಆಮ್ಯಾಲೆ ನೀ ತೊಗೊಳ್ಳುವಿಯಂತ" ಎಂದ. ಈಜು, ನೌಕರಿ, ಮದುವೆ, ಸಕ್ಕರೆ ಕಾಯಿಲೆ, ಎಲ್ಲದರಲ್ಲೂ ಅವನು ಮೊದಲು ಬಿದ್ದು ನೋಡಿ ನನಗೆ ವರದಿ ಒಪ್ಪಿಸಿದವನೇ.

ಅಮೀರ್‌ಪೇಟೆಯ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದರಲ್ಲಿ ಕಬ್ಬಿಣ ಹೊರಗೇ ಚಾಚಿರುತ್ತದೆ, ನಡೆದರೆ ಬಾತುಕೋಳಿ. ಇನ್ನೊಂದರಲ್ಲಿ ಅಟ್ಟೆಯೊಳಗೆ ಹುದುಗಿರುತ್ತದೆ, ಮನುಷ್ಯನ ಹಾಗೆ ಓಡಾಡಬಹುದು. ರೇಸಿಗೋ ದೂರದ ಸವಾರಿಗೋ ಎಂದು ಅವರು ಕೇಳಿದರೆ ನಮ್ಮ ರಾಘಣ್ಣ, "ಮಂದಿರ್ ಕೆ ಸಾಮ್ನೆ ಕೌನ್ಸಾ ಜಲ್ದಿ ನಿಕಲ್ತಾ, ವೋಇಚ್ ದೇವ್" ಎಂದ. ಗುಡಿಯ ಮುಂದೆ ಬೇಗ ಬಿಚ್ಚಲು ಬರಬೇಕೆಂಬ ಒಂದೇ ಗುಣ ನೋಡಿ ಈ ಬೂಟನ್ನು ಆರಿಸಿದವನು ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು. ಲೇಸಿನವೆಲ್ಲ ಹಿಂದೆ ಸರಿದು, ಕಬ್ಬಿಣ ಹೊರಗೆ ಚಾಚಿದ್ದರೂ ಪಟ್ಟಿ ಎಳೆದರೆ ಬಿಚ್ಚುವಂಥವು ಗೆದ್ದವು. ಅವನ ಕಾಲು ಎಂಟು ನಂಬರು, ನನ್ನದು ಏಳು. ಕೇಳಿದ್ದು ಒಂಬತ್ತು. ಈ ಬೂಟು ಸಡಿಲವಿರಬಾರದು, ಹಿಮ್ಮಡಿ ಒಳಗೇ ತಿರುಗಿ ಲಾಕು ಬಿಡುವುದಿಲ್ಲ ಎಂದು ಅಂಗಡಿಯವರು ಪರಿಪರಿಯಾಗಿ ಹೇಳಿದರು.

"ಇನ್ನೆಲ್ಲಿ ಬೆಳೀತದೋ ನಿನ್ನ ಕಾಲು?" ಎಂದು ನಾನೂ ನಕ್ಕೆ.

"ಸಂಜೀಕೆ ಬಾವು ಬರ್ತದಪಾ. ಸಡ್ಲ ಇರ್ಲಿ" ಎಂದು ಒಂಬತ್ತನ್ನೇ, ಅದಕ್ಕೊಪ್ಪುವ ಪೆಡಲುಗಳ ಜೊತೆ, ಕಟ್ಟಿಸಿಕೊಂಡ.

ತಂದವನು ಹಾಕಿಕೊಳ್ಳಬೇಕೋ ಬೇಡವೋ? ಹೊಸದನ್ನು ಹಬ್ಬಕ್ಕೆ ಕಾದಿಡುವುದು ನಮ್ಮ ಮನೆತನದ ಚಾಳಿ. ಖಂಡೇನವಮಿಗೆ ಸೈಕಲ್ ಪೂಜೆಯಾಗಿ, ಪೆಡಲಿಗೂ ಬೂಟಿಗೂ ಕುಂಕುಮ ಹಚ್ಚಿ ಆಮೇಲೆ ತುಳಿಯುವುದೆಂದು ಠರಾವಾಯಿತು. ಹಬ್ಬಕ್ಕೆ ಕೆಲವೇ ದಿನಗಳಿರುವಾಗ ಒಂದು ಬೆಳಿಗ್ಗೆ ನಾನು ಅವನ ಗೇಟಿನ ಮುಂದೆ ಸೈಕಲ್ ಗಂಟೆ ಬಾರಿಸಿದೆ. ಹೊರಗೆ ಬಂದವರು ವೈನಿ, ಅಣ್ಣನ ಹೆಂಡತಿ. ಅಣ್ಣ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ.

ಹನ್ನೆರಡನೆಯ ದಿನ ಕೊಡೆ, ಚಪ್ಪಲಿ ದಾನ ಕೊಡುತ್ತಾರೆ. ಹೋದವರಿಗೆ ದಾರಿಯಲ್ಲಿ ಬಿಸಿಲು, ಮುಳ್ಳು ತಾಗಬಾರದೆಂದು. ವೈನಿ ಒಳಗಿನಿಂದ ಬೂಟಿನ ಡಬ್ಬಿಯನ್ನೇ ತಂದಿಟ್ಟರು. "ಭಾಳ ಆಸೀಪಟ್ಟು ತಂದಿದ್ರು. ಇವನ್ನ ಹಾಕ್ಕೊಂಡು ಹೋಗ್ಲಿ." ಯಾರಿಗೂ ಬೇಡವೆನ್ನುವ ಧೈರ್ಯವಿರಲಿಲ್ಲ. ದಾನ ಪಡೆಯಲು ಬಂದಿದ್ದ ಆಚಾರ್ಯರು ಪಾಪ, ಕಾಲಿಗೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟರು. ಶಹಾಬಾದ್ ಫರಸಿಯ ಮೇಲೆ ಟಕ್ ಟಕ್ ಎಂದು ಕುದುರೆ ನಡೆದಂತಾಗಿ, ಕಾಲು ಜಾರಿ, ಅವರು ಕಂಬ ಹಿಡಿದುಕೊಂಡರು. ವೈನಿ ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಆಮೇಲೆ ಅತ್ತರು, ಅಷ್ಟು ದಿನ ಅಳದಿದ್ದುದನ್ನೆಲ್ಲ ಸೇರಿಸಿ.

"ತಾಯಿ, ಸೈಕಲ್ಲಿಲ್ಲದ ಇವನ್ನ ತೊಗೊಂಡು ನಿಮ್ಮ ರಾಯರಾದ್ರೂ ಏನ್ ಮಾಡ್ತಾರ?" ಎಂದು ಆಚಾರ್ಯರು ಮೆತ್ತಗೆ ಬಿಚ್ಚಿಟ್ಟರು. "ಸಾದಾ ಚಪ್ಪಲಿ ತರಸ್ರಿ."

ವೈನಿ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಹಂಗಾದ್ರ ನೀವ ಇಟ್ಕೋರಿ, ಗೋಪಾಲ." ಅಣ್ಣನ ಬೂಟು ಮತ್ತೆ ನನಗಿಳಿಯಿತು. ಈ ಸಲ ಹಿಮ್ಮಡಿ ಸವೆದಿರಲಿಲ್ಲ. ಸವೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಬಾರಿ ಅನ್ನಿಸಿತು.

ಪೆಡಲುಗಳನ್ನು ನನ್ನ ಸೈಕಲ್ಲಿಗೆ ಹಾಕಿಸಿ, ಬೂಟಿನ ತುದಿಗೆ ಬನಿಯನ್ ಚೂರು ತುರುಕಿ, ಒಬ್ಬನೇ ಹೊರಟೆ. ಗುಡಿ ಬಂತು. ನಾನಾಗಿ ಎಂದೂ ನಿಲ್ಲುವವನಲ್ಲ, ಅಂದು ನಿಲ್ಲಬೇಕೆನ್ನಿಸಿತು. ಹಿಮ್ಮಡಿ ಹೊರಕ್ಕೆ ತಿರುಗಿಸಿದೆ. ಅಂಗಡಿಯವರು ಹೇಳಿದಂತೆಯೇ ಆಯಿತು: ಹಿಮ್ಮಡಿ ತಿರುಗಿತು, ಬೂಟು ಜಪ್ಪಯ್ಯ ಎನ್ನಲಿಲ್ಲ. ಹನುಮಪ್ಪನ ಎದುರಿಗೇ ಸೈಕಲ್ ಸಮೇತ ಅಡ್ಡಬಿದ್ದೆ. ಆಟೋದವರೊಬ್ಬರು ಎತ್ತಿ, ನಿಮ್ಮ ಸೈಜಿನದು ಕೊಳ್ಳಬಾರದೇ ದೊಡ್ಡವರೇ ಎಂದು ತೆಲುಗಿನಲ್ಲಿ ಗದರಿದರು. ಮೊಣಕೈ ತರಚಿದ್ದಕ್ಕೆ ನನಗೆ ದುಃಖವಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅಣ್ಣನಿಗಿಂತ ಮೊದಲು ನಾನು ಬಿದ್ದು ನೋಡಿದ್ದೆ. ಹೇಗಿತ್ತೆಂದು ಹೇಳೋಣವೆಂದರೆ ಕೇಳುವವನಿಲ್ಲ.

ಪಟ್ಟಿ ಎಳೆದು ಕಾಲುಗಳನ್ನು ಹೊರತೆಗೆದಿದ್ದೆ. ಬೂಟುಗಳು ಪೆಡಲಿಗೇ ಕಚ್ಚಿಕೊಂಡಿದ್ದವು, ಬಿಡಿಸಲು ಮನಸ್ಸಾಗಲಿಲ್ಲ. ಸೈಕಲ್ ತಳ್ಳಿಕೊಂಡು ಬರಿಗಾಲಲ್ಲಿ ಮನೆಗೆ ಬಂದೆ. ವೈನಿ ಗೇಟಿನಲ್ಲೇ ನಿಂತಿದ್ದರು.

"ಕಾಲಿಗೆ ಮುಳ್ಳು ಗಿಳ್ಳು ನೆಟ್ಟರ ಏನ್ ಮಾಡ್ತೀರಿ? ಹಾಕ್ಕೋಬಾರದೇನ್ರಿ ಬೂಟು?"

ಅರವತ್ತು ದಾಟಿದ ನಾನು ಹೇಳಿದೆ: "ಸಡ್ಲ ಆಗ್ತಾವ್ರೀ ವೈನಿ. ಬರೋ ವರ್ಷ ಸರಿ ಹೋಗ್ತಾವ."