ಸುಭದ್ರಮ್ಮನ ರೀಡಥಾನೂ ಒಂದು ಮೊರ ಅವರೆಕಾಯಿಯೂ

"ಓದೋದ್ರಲ್ಲಿ ನನ್ನನ್ನ ಸೋಲಿಸೋರು ಈ ಶಿವಮೊಗ್ಗ ಜಿಲ್ಲೇಲಿ ಇನ್ನೂ ಹುಟ್ಟಿಲ್ಲ! ಹುಟ್ಟಿದ್ರೂ ಅವರಿಗಿನ್ನೂ ಅಕ್ಷರ ಬಂದಿಲ್ಲ!"

ಹೀಗೆಂದು ಘೋಷಿಸಿದವರು ವಿನೋಬನಗರದ ಸುಭದ್ರಮ್ಮ. ಘೋಷಣೆಯಾದ ಸ್ಥಳ ಅವರದೇ ಅಡುಗೆಮನೆ. ಕಾಲ, ೧೯೯೮ರ ಡಿಸೆಂಬರಿನ ಒಂದು ಬೆಳಿಗ್ಗೆ. ಎಡಗೈಯಲ್ಲಿ ಪತ್ತೇದಾರಿ ಕಾದಂಬರಿ, ಬಲಗೈಯಲ್ಲಿ ದೋಸೆ ಮಗುಚೋ ಕೈ. ಕೇಳಿಸಿಕೊಂಡ ಏಕೈಕ ಸಭಿಕರು ಅವರ ಯಜಮಾನರು, ಗಾಂಧಿ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಪರಮೇಶ್ವರಪ್ಪನವರು. ಅವರು ಭಾಷಣ ಕೇಳಲು ಬಂದವರಲ್ಲ, ದೋಸೆಗೆ ಕಾಯುತ್ತಿದ್ದವರು.

"ದೋಸೆ ಸೀದು ಹೋಗುತ್ತೆ ನೋಡೇ ಮಾರಾಯ್ತಿ."

"ಸೀಯೋಲ್ಲ ಸುಮ್ನಿರ್ರೀ. ಸೀಯೋಕೆ ಇನ್ನೂ ಅರ್ಧ ಪುಟ ಇದೆ."

ಆ ಮನೆಯಲ್ಲಿ ಹೊತ್ತು ಅಳೆಯುವುದೇ ಹಾಗೆ. ದೋಸೆ ಒಂದು ಮಗ್ಗುಲು ಬೇಯಲು ಮುಕ್ಕಾಲು ಪುಟ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಒಂದು ಅಧ್ಯಾಯ. ಯಜಮಾನರು ಸ್ನಾನಕ್ಕೆ ಹೋಗಿ, ಟವೆಲ್ ಮರೆತು, ಕೂಗಿ, ಕಾದು, ಮತ್ತೆ ಕೂಗುವಷ್ಟರಲ್ಲಿ ಒಂದು ಸಣ್ಣಕತೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಈ ಮಹಾತಾಯಿ ಓದಿದ್ದೆಲ್ಲ ಹೀಗೆ, ಕೆಲಸದ ನಡುವೆ. ರವೆ ಡಬ್ಬಕ್ಕೆ ಪುಸ್ತಕ ಒರಗಿಸಿ, ಹಾಳೆ ಹಾರದಂತೆ ಲಟ್ಟಣಿಗೆ ಅಡ್ಡ ಇಟ್ಟರೆಂದರೆ ಮುಗಿಯಿತು. ನಮ್ಮೂರಲ್ಲಿ ಗಾಜಿನ ಬೀರು ತುಂಬ ಪುಸ್ತಕ ಜೋಡಿಸಿಕೊಂಡ ಘನ ವಿದ್ವಾಂಸರು ಬೇಕಾದಷ್ಟಿದ್ದಾರೆ. ಇರಲಿ, ಸಂತೋಷ! ಆದರೆ ಸಾಸಿವೆ ಮುಖಕ್ಕೆ ಸಿಡಿಯುತ್ತಿರುವಾಗಲೂ ಸಾಲು ತಪ್ಪದೆ ಓದುವ ಎದೆಗಾರಿಕೆ ಅವರಲ್ಲಿ ಯಾರಿಗಿದೆ, ಹೇಳಿ?

ಅವರಿಗೆ ಪುಸ್ತಕ ಕೊಡುತ್ತಿದ್ದುದು ಅದೇ ಬಡಾವಣೆಯ ವಾದಿರಾಜರ ವಾಚನಾಲಯ. ವಾದಿರಾಜರು ಬಲು ಕಟ್ಟುನಿಟ್ಟು. ಒಂದು ಕಾರ್ಡಿಗೆ ಎರಡೇ ಪುಸ್ತಕ. ಬದಲಾಯಿಸುವುದು ಮಂಗಳವಾರ ಮಾತ್ರ. ಸುಭದ್ರಮ್ಮ ವಾಪಸು ಕೊಟ್ಟ ಪುಸ್ತಕವನ್ನು ಅವರು ಮೂಸಿ ನೋಡಿಯೇ ಒಳಗಿಡುತ್ತಿದ್ದರು.

"ಅಮ್ಮಾ, ನೀವು ಓದಿದ ಪುಸ್ತಕ ಮನೇಗೆ ತಗೊಂಡು ಹೋದ್ರೆ ನಮ್ಮ ಮಕ್ಕಳು ಹಸಿವು ಅಂತಾರೆ. ಎಂಬತ್ತನೇ ಪುಟದಲ್ಲಿ ಇಂಗು ಬೇರೆ!"

"ಕತೆಗೆ ಸ್ವಲ್ಪ ರುಚಿ ಕಮ್ಮಿ ಇತ್ತು, ಹಾಕಿದ್ದೀನಿ. ಮೂರನೇ ಪುಸ್ತಕ ಕೊಡಿ ಅಂದ್ರೆ ಕೊಡೋಲ್ಲ, ಮಾತು ಮಾತ್ರ ಧಾರಾಳ!"

ಇದೇ ನೋಡಿ ಆ ಜೀವಕ್ಕಿದ್ದ ಒಂದೇ ಕೊರಗು. ಎರಡು ಪುಸ್ತಕ ಗುರುವಾರಕ್ಕೆಲ್ಲ ಖಾಲಿ. ಆಮೇಲಿನ ದಿನಗಳನ್ನು ಪಂಚಾಂಗ, ಕೆಮ್ಮಿನ ಔಷಧಿಯ ಜೊತೆ ಬಂದ ಚೀಟಿ, ಕಡಲೆಬೀಜದ ಪೊಟ್ಟಣ ಇವುಗಳನ್ನು ಓದಿಕೊಂಡು ಕಳೆಯಬೇಕು. "ನಿಮ್ಮ ಹೆಸರಲ್ಲೂ ಒಂದು ಕಾರ್ಡ್ ಮಾಡಿಸ್ರೀ" ಎಂದು ಗಂಡನನ್ನು ಎಷ್ಟು ಸಲ ಕೇಳಿಲ್ಲ! "ನಾನು ಲೈಬ್ರರಿ ಮೆಟ್ಟಿಲು ಹತ್ತಿದ್ರೆ, ಪರಮೇಶ್ವರಪ್ಪ ಅಂಗಡಿ ಮುಚ್ಚಿದ ಅಂತ ಬಜಾರೆಲ್ಲ ಸುದ್ದಿಯಾಗುತ್ತೆ" ಎಂದು ಅವರು ಜಾರಿಕೊಳ್ಳುತ್ತಿದ್ದರು.

ಹೀಗಿರುವಾಗ ವಾಚನಾಲಯದ ಗೋಡೆಯ ಮೇಲೆ ಒಂದು ಚೀಟಿ ಕಾಣಿಸಿತು. ಭದ್ರಾವತಿ ನ್ಯೂಟೌನಿನ ಓದುಗರ ಬಳಗದವರಿಂದ ರೀಡಥಾನ್! ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಓದಿನ ಓಟ! ಹೆಚ್ಚು ಪುಟ ಓದಿದವರಿಗೆ ಶಾಲು, ಪ್ರಶಸ್ತಿಪತ್ರ, ಮತ್ತು ವಾದಿರಾಜರ ವಾಚನಾಲಯದ ಕಡೆಯಿಂದ ಒಂದು ವಿಶೇಷ ಕಾರ್ಡು. ಅದನ್ನು ತೋರಿಸಿದರೆ ಜೀವನಪೂರ್ತಿ ಒಂದೇ ಸಲಕ್ಕೆ ಆರು ಪುಸ್ತಕ!

ಆರು! ಸುಭದ್ರಮ್ಮನಿಗೆ ಕಣ್ಣು ಕತ್ತಲೆ ಬಂದಂತಾಯಿತು.

"ಎಂಟು ಗಂಟೆ ಕುರ್ಚಿ ಮೇಲೆ ಕೂರ್ಸಿ, ಫ್ಯಾನ್ ಹಾಕಿ, ಓದಮ್ಮಾ ಅಂತಾರಂತೆ ಕಣ್ರೀ! ಯಾರೂ ಕರೆಯೋಲ್ಲ, ಯಾರೂ ಏನೂ ಕೇಳೋಲ್ಲ. ನಿಂತ್ಕೊಂಡು ಇಷ್ಟು ಓದಿದೋಳು ಕೂತ್ಕೊಂಡು ಎಷ್ಟು ಓದಬೇಡ! ಆ ಕಾರ್ಡು ನಂದೇ!"

ಭಾನುವಾರ ಬೆಳಿಗ್ಗೆ ಯಜಮಾನರಿಗೆ ತಿಂಡಿ, ಊಟ ಎರಡನ್ನೂ ಮುಚ್ಚಿಟ್ಟು, ಯಾವ ಪಾತ್ರೆಯಲ್ಲಿ ಏನಿದೆಯೆಂದು ಚೀಟಿ ಬರೆದಿಟ್ಟು, ಹೊಸ ಸೀರೆ ಉಟ್ಟು, ಸುಭದ್ರಮ್ಮ ಭದ್ರಾವತಿ ಬಸ್ಸು ಹತ್ತಿದರು. ದಂಡಯಾತ್ರೆಗೆ ಹೊರಟ ರಾಣಿಯೂ ಅಷ್ಟು ಗತ್ತಿನಿಂದ ಕಿಟಕಿ ಪಕ್ಕದ ಸೀಟು ಹಿಡಿದಿರಲಾರಳು.

ಸಭಾಭವನದಲ್ಲಿ ಮೂವತ್ತೆಂಟು ಜನ ಓದುಗರು. ಪಕ್ಕದ ಕುರ್ಚಿಯಲ್ಲಿ ಲಕ್ಷ್ಮೀಕಾಂತರು. ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಕೂರಲು ಸ್ವಂತ ದಿಂಬು, ಕುಡಿಯಲು ಸ್ವಂತ ಫ್ಲಾಸ್ಕು, ಎರಡು ಕನ್ನಡಕ!

"ಅಮ್ಮಾ, ನಾನು ಓದೋಕೆ ಕೂತ್ರೆ ರೆಪ್ಪೆ ಬಡಿಯೋಲ್ಲ" ಎಂದರು.

"ನಂಗೆ ಬಡಿಯೋಕೆ ಪುರುಸೊತ್ತೇ ಸಿಕ್ಕಿಲ್ಲ ಬಿಡಿ" ಎಂದರು ಸುಭದ್ರಮ್ಮ.

ತೀರ್ಪುಗಾರರು ವಾದಿರಾಜರೇ. ಎದ್ದು ನಿಂತು ನಿಯಮ ಓದಿದರು. ಗಂಟೆಗೊಮ್ಮೆ ಓದಿದ ಪುಟಗಳ ಮೇಲೆ ಎರಡು ಪ್ರಶ್ನೆ. ಉತ್ತರ ತಪ್ಪಿದರೆ ಆ ಗಂಟೆಯ ಪುಟಗಳೆಲ್ಲ ರದ್ದು. ಆಮೇಲೆ ಹತ್ತು ನಿಮಿಷ ಬಿಡುವು. ಓದುವ ಹೊತ್ತಿನಲ್ಲಿ ಮಾತಾಡುವಂತಿಲ್ಲ, ನಿದ್ದೆ ಮಾಡುವಂತಿಲ್ಲ, ಕುರ್ಚಿಯಿಂದ ಏಳುವಂತಿಲ್ಲ. ಎದ್ದರೆ ಔಟ್!

ಗಂಟೆ ಹೊಡೆಯಿತು. ಸಭಾಭವನ ನಿಶ್ಶಬ್ದವಾಯಿತು. ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಕೈಯಲ್ಲಿ ಹೊಚ್ಚಹೊಸ ಕಾದಂಬರಿ. ಸುಭದ್ರಮ್ಮ ಮೊದಲ ಸಾಲು ಓದಿದರು. ಮತ್ತೆ ಅದೇ ಸಾಲು ಓದಿದರು. ಮೂರನೇ ಸಲವೂ ಅದೇ ಸಾಲು!

ಅಯ್ಯೋ ಶಿವನೇ, ಇದೇನಾಯಿತು? ಕಣ್ಣು ಅಕ್ಷರದ ಮೇಲಿದೆ, ತಲೆಯೊಳಗೆ ಒಂದೂ ಇಳಿಯುತ್ತಿಲ್ಲ. ಕೈಗಳಿಗೆ ಕೆಲಸವಿಲ್ಲ. ಒಮ್ಮೆ ಸೆರಗು ಸರಿಮಾಡಿದವು, ಒಮ್ಮೆ ಬಳೆ ಎಣಿಸಿದವು, ಕುರ್ಚಿಯ ಕೈ ಮೇಲಿನ ಧೂಳು ಒರೆಸಿದವು. ಕುಕ್ಕರ್ ಕೂಗುತ್ತಿಲ್ಲ, ಟವೆಲ್ ಕೇಳುವವರಿಲ್ಲ. ಈ ಹಾಳು ನಿಶ್ಶಬ್ದದಲ್ಲಿ ಮನುಷ್ಯರು ಓದುವುದಾದರೂ ಹೇಗೆ! ಇಷ್ಟು ವರ್ಷ ಯಾವುದನ್ನು ಓದಿಗೆ ಅಡ್ಡಿ ಎಂದು ಶಪಿಸುತ್ತಿದ್ದರೋ, ಅದಿಲ್ಲದೆ ಪುಟವೇ ತಿರುಗುತ್ತಿಲ್ಲ.

ಮೊದಲ ಗಂಟೆ ಮುಗಿದಾಗ ಲಕ್ಷ್ಮೀಕಾಂತರು ಅರವತ್ತೆರಡು ಪುಟ. ಸುಭದ್ರಮ್ಮ ನಾಲ್ಕು.

"ನಾಯಕಿಯ ತಂದೆ ಹೆಸರೇನಮ್ಮಾ?" ವಾದಿರಾಜರು ಕೇಳಿದರು.

"ಅವಳಿಗೆ ತಂದೆ ಇದ್ದಾರಾ?" ಎಂದು ಸುಭದ್ರಮ್ಮ ತಿರುಗಿ ಕೇಳಿದರು. ಆ ನಾಲ್ಕೂ ರದ್ದು!

ಬಿಡುವಿನಲ್ಲಿ ಮುಖ ಮುಚ್ಚಿಕೊಳ್ಳಲು ಜಾಗ ಹುಡುಕುತ್ತಾ ಹಿಂದಿನ ಅಡುಗೆಕೋಣೆಗೆ ಹೋದರು. ಅಲ್ಲಿ ಅಡುಗೆಯ ಯಲ್ಲಮ್ಮ ಮಧ್ಯಾಹ್ನದ ಸಾರಿಗೆಂದು ಅವರೆಕಾಯಿ ಗುಡ್ಡೆ ಹಾಕಿಕೊಂಡು ಒಬ್ಬಳೇ ಸುಲಿಯುತ್ತಿದ್ದಳು. ಸುಭದ್ರಮ್ಮನ ಕೈಗಳು ಯಾರನ್ನೂ ಕೇಳಲಿಲ್ಲ. ಪಟ್ಟಾಗಿ ಕೂತು, ಪುಸ್ತಕವನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಸುಲಿಯತೊಡಗಿದರು. ಆಹಾ, ಏನಾಶ್ಚರ್ಯ! ಅಕ್ಷರಗಳು ಸಾಲುಸಾಲಾಗಿ ಒಳಗೆ ಇಳಿಯತೊಡಗಿದವು. ನಾಯಕಿಗೆ ತಂದೆ ಇದ್ದರು, ಅವರ ಹೆಸರೂ ಇತ್ತು! ಹತ್ತು ನಿಮಿಷದಲ್ಲಿ ಹದಿನಾಲ್ಕು ಪುಟ.

"ಯಲ್ಲಮ್ಮಾ, ಒಂದು ಮೊರ ಅವರೆಕಾಯಿ ನಂಗೆ ಕೊಡೇ. ನಿನ್ನ ಕೆಲಸಾನೂ ಆಗುತ್ತೆ, ನನ್ನ ಮಾನಾನೂ ಉಳಿಯುತ್ತೆ."

"ತಗೊಳ್ಳಿ ಅಕ್ಕಾ, ಒಂದ್ಯಾಕೆ, ಎರಡು ತಗೊಳ್ಳಿ!"

ಸುಭದ್ರಮ್ಮ ಮೊರ ಹೊತ್ತು ಸಭಾಭವನ ಪ್ರವೇಶಿಸಿದಾಗ ಲಕ್ಷ್ಮೀಕಾಂತರಿಗೆ ಮೊದಲ ಬಾರಿಗೆ ರೆಪ್ಪೆ ಬಡಿಯಿತು.

"ಏನ್ ಸ್ವಾಮಿ ಇದು? ಓದೋ ಸ್ಪರ್ಧೆಯೋ, ಅವರೆಕಾಯಿ ಸುಲಿಯೋ ಸ್ಪರ್ಧೆಯೋ?"

ವಾದಿರಾಜರು ನಿಯಮಗಳ ಹಾಳೆಯನ್ನು ಎರಡು ಸಲ ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಮಾತು, ನಿದ್ದೆ, ಏಳೋದು, ಇಷ್ಟಕ್ಕೇ ನಿಷೇಧ. ಅವರೆಕಾಯಿ ಬಗ್ಗೆ ಬಳಗ ಏನೂ ಹೇಳಿಲ್ಲ. ಓದಲಿ ಬಿಡಿ" ಎಂದು ತೀರ್ಪು ಕೊಟ್ಟರು.

ಅಲ್ಲಿಂದ ಮುಂದೆ ನಡೆದದ್ದು ನಿಜಕ್ಕೂ ನೋಡುವಂಥದ್ದು. ತೊಡೆಯ ಮೇಲೆ ಮೊರ, ಮುಂದಿನ ಕುರ್ಚಿಯ ಬೆನ್ನಿಗೆ ಒರಗಿಸಿದ ಪುಸ್ತಕ. ಕೈ ತನ್ನಷ್ಟಕ್ಕೆ ಸುಲಿಯುತ್ತಿದೆ, ಕಣ್ಣು ತನ್ನಷ್ಟಕ್ಕೆ ಓಡುತ್ತಿದೆ. ಹನ್ನೊಂದಕ್ಕೆ ಎಪ್ಪತ್ತು ಪುಟ! ಹನ್ನೆರಡಕ್ಕೆ ಎಪ್ಪತ್ತಾರು! ಕೇಳಿದ ಪ್ರಶ್ನೆಗೆ ಉತ್ತರ ಹೇಳಿ, ಕೇಳದ ಪ್ರಶ್ನೆಗೂ ಹೇಳಿದರು. ಅವರೆಕಾಯಿ ಮುಗಿದದ್ದೇ ಯಲ್ಲಮ್ಮ ಬಿಡುವಿನಲ್ಲಿ ಬೆಳ್ಳುಳ್ಳಿ ತಂದುಕೊಟ್ಟಳು. ಬೆಳ್ಳುಳ್ಳಿ ಮುಗಿದಾಗ ಕೊತ್ತಂಬರಿ ಸೊಪ್ಪು. ಮಧ್ಯಾಹ್ನದ ಊಟ ಉಂಡವರೆಲ್ಲ ಸಾರು ಬಲು ಚೆನ್ನಾಗಿದೆಯೆಂದು ಚಪ್ಪರಿಸಿದರು. ಲಕ್ಷ್ಮೀಕಾಂತರಂತೂ ಎರಡು ಸಲ ಹಾಕಿಸಿಕೊಂಡರು.

ಮೂರು ಗಂಟೆಗೆ ಪರಮೇಶ್ವರಪ್ಪನವರು ಬಂದು ಹಿಂದಿನ ಬೆಂಚಿನ ಮೇಲೆ ಕೂತರು. ಒಂಟಿಯಾಗಿ ಊಟ ಮಾಡಿ, ಒಂಟಿಯಾಗಿ ಗೋಡೆ ನೋಡಿ, ಬೇಜಾರಾಗಿ ಬಸ್ಸು ಹತ್ತಿದ್ದರು. ಇಪ್ಪತ್ತಾರು ವರ್ಷ ಹೆಂಡತಿ ಓದುವುದನ್ನು ಅವರು ಕಂಡಿದ್ದರು, ನೋಡಿರಲಿಲ್ಲ. ಈಗ ನೋಡಿದರು. ಕತೆಯೊಳಗೆ ಯಾರಿಗೋ ಕಷ್ಟ ಬಂದರೆ ಇವಳ ಹುಬ್ಬು ಗಂಟಿಕ್ಕುತ್ತದೆ, ಯಾರೋ ಬದುಕಿಕೊಂಡರೆ ಇವಳು ಉಸಿರು ಬಿಡುತ್ತಾಳೆ. ಎಷ್ಟು ಚೆಂದ ಓದುತ್ತಾಳಲ್ಲ ಇವಳು! ಅವರಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಪಕ್ಕದಲ್ಲಿದ್ದ ಅಪರಿಚಿತರ ಕಿವಿಯಲ್ಲಿ, "ಆ ಕೊತ್ತಂಬರಿ ಸೊಪ್ಪಿನೋರು ನಮ್ಮನೆಯೋರು" ಎಂದು ಪಿಸುಗುಟ್ಟಿಯೂ ಬಿಟ್ಟರು.

ನಾಲ್ಕು ಗಂಟೆಯ ಲೆಕ್ಕದಲ್ಲಿ ಸುಭದ್ರಮ್ಮ ಒಂಬತ್ತು ಪುಟ ಮುಂದೆ! ಕೊನೆಯ ಸುತ್ತಿಗೆ ಅವರು ಎತ್ತಿಕೊಂಡದ್ದು ಒಂದು ಸಣ್ಣ ಪತ್ತೇದಾರಿ ಕಾದಂಬರಿ. ಬಂಗಲೆಯಲ್ಲಿ ಕೊಲೆಯಾಗಿದೆ. ಒಳಗೆ ಐದು ಜನ, ಎಲ್ಲರ ಮೇಲೂ ಅನುಮಾನ. ಐದಕ್ಕೆ ಹತ್ತು ನಿಮಿಷ ಇದ್ದಾಗ ಇನ್ಸ್‌ಪೆಕ್ಟರ್ ಐವರನ್ನೂ ಸಾಲಾಗಿ ನಿಲ್ಲಿಸಿ, ಕೊಲೆಗಾರ ನಿಮ್ಮೊಳಗೇ ಇದ್ದಾನೆ ಎಂದು ಬೆರಳು ಎತ್ತಿದ್ದಾನೆ. ಇನ್ನು ಏಳೇ ಪುಟ. ಬಾಗಿಲಲ್ಲಿ ಯಲ್ಲಮ್ಮ ಕೈಕಟ್ಟಿ ನಿಂತು, ನಮ್ಮ ಅಕ್ಕ ಗೆಲ್ಲುತ್ತಾರೆಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಳೆ.

ಆಗ ಗಾಳಿಯಲ್ಲಿ ತೇಲಿ ಬಂತು ನೋಡಿ, ಒಂದು ವಾಸನೆ.

ಸಂಜೆ ಕಾಫಿಗೆಂದು ಯಲ್ಲಮ್ಮ ಒಲೆಯ ಮೇಲಿಟ್ಟು ಮರೆತು ಬಂದಿದ್ದ ಹದಿನೈದು ಲೀಟರ್ ಹಾಲು! ಮೂವತ್ತೇಳು ಮೂಗುಗಳು ಪುಸ್ತಕದಲ್ಲಿ ಮುಳುಗಿದ್ದವು. ಮೂವತ್ತೆಂಟನೆಯ ಮೂಗು ಮಾತ್ರ ಇಪ್ಪತ್ತಾರು ವರ್ಷ ತರಬೇತಾದ ಮೂಗು. ಆರು ಪುಸ್ತಕದ ಕಾರ್ಡು ಕಣ್ಣೆದುರು ಬಂತು, ಇನ್ಸ್‌ಪೆಕ್ಟರನ ಬೆರಳು ಬಂತು. ಕೂತ್ಕೋ ಸುಭದ್ರಾ, ಕೂತ್ಕೋ, ಹಾಳಾಗಿ ಹೋಗ್ಲಿ ಎಂದು ತಲೆ ಹೇಳಿತು. ತಲೆಯ ಮಾತು ಮುಗಿಯುವಷ್ಟರಲ್ಲಿ ಕಾಲುಗಳು ಅಡುಗೆಕೋಣೆಯಲ್ಲಿದ್ದವು!

ಒಲೆ ಆರಿತು. ಹಾಲು ಉಳಿಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ವಾದಿರಾಜರು.

"ಅಮ್ಮಾ... ಎದ್ದುಬಿಟ್ರಲ್ಲಮ್ಮಾ!" ಪಾಪ, ಅವರ ಕೈಯಲ್ಲಿ ನಿಯಮಗಳ ಹಾಳೆ.

"ಹಾಲು ಉಕ್ಕುತಿತ್ತಲ್ಲ ವಾದಿರಾಜ್ರೇ."

"ನಿಯಮದಲ್ಲಿ ಹಾಲಿನ ಬಗ್ಗೆ ಏನೂ ಇಲ್ಲಮ್ಮಾ. ಏಳೋದರ ಬಗ್ಗೆ ಇದೆ."

ಶಾಲು, ಪ್ರಶಸ್ತಿಪತ್ರ, ಕಾರ್ಡು ಮೂರೂ ಲಕ್ಷ್ಮೀಕಾಂತರ ಪಾಲಾದವು. ಅವರು ಕಾಫಿ ಕುಡಿದು, "ಹಾಲು ಗಟ್ಟಿಯಾಗಿ ಚೆನ್ನಾಗಿದೆ" ಎಂದದ್ದು ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಪುಸ್ತಕವನ್ನೂ ವಾದಿರಾಜರಿಗೆ ವಾಪಸು ಕೊಡಬೇಕಾಯಿತು, ಕೊಲೆಗಾರ ಯಾರೆಂದು ತಿಳಿಯದೆಯೇ! ಬಸ್ಸಿನಲ್ಲಿ ಸುಭದ್ರಮ್ಮ ಕಿಟಕಿ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು.

"ನೀನು ಸೋತಿದ್ದು ಹಾಲಿಗೆ ಕಣೇ, ಆ ಯಪ್ಪಂಗಲ್ಲ" ಎಂದರು ಪರಮೇಶ್ವರಪ್ಪನವರು.

"ಯಾರಿಗೆ ಸೋತ್ರೇನ್ರೀ, ಆರು ಪುಸ್ತಕ ಹೋಯ್ತಲ್ಲ!"

ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರ ಕೈಯಲ್ಲಿ ಅಂಗಡಿಯ ದೊಡ್ಡ ಚೀಲವಿತ್ತು. ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಒಂದು, ಎರಡು, ಮೂರು... ಆರು! ಎಲ್ಲಕ್ಕಿಂತ ಮೇಲೆ ಅದೇ ಬಂಗಲೆಯ ಕೊಲೆ!

"ನಂದೊಂದು ಕಾರ್ಡು. ಅಂಗಡೀಲಿ ಕೆಲಸ ಮಾಡೋ ಭೂತಪ್ಪಂದೊಂದು, ಈಶ್ವರಪ್ಪಂದೊಂದು. ಮೂರು ಜನಾನೂ ಹೋಗಿ ಸೈನ್ ಹಾಕಿ ಬಂದ್ವಿ. ಇನ್ಮೇಲೆ ಪ್ರತಿ ಮಂಗಳವಾರ ಆರು ಪುಸ್ತಕ. ಬಜಾರು ಏನಾದ್ರೂ ಅಂದ್ಕೊಳ್ಳಲಿ!"

ಇಂಥ ಗಂಡನ ದೋಸೆಯನ್ನು ಅರ್ಧ ಪುಟಕ್ಕಾಗಿ ಸೀಯಿಸುತ್ತಿದ್ದೆನಲ್ಲ ಎಂದು ಸುಭದ್ರಮ್ಮನ ಕರುಳು ಚುರುಕ್ಕೆಂದಿತು.

"ನೀವು ಆರಿಸಿ ತಂದ್ರಾ? ನಿಮಗೆ ಪುಸ್ತಕದ ಗಂಧಾನೇ ಗೊತ್ತಿಲ್ವಲ್ರೀ!"

"ಗೊತ್ತಿಲ್ಲ ಅಂತ ಕಣ್ಮುಚ್ಚಿ ತರ್ತೀನಾ? ಆರನ್ನೂ ಪರೀಕ್ಷೆ ಮಾಡಿಯೇ ತಂದಿದ್ದೀನಿ. ಇದು ನೋಡು, ಈ ಬಂಗಲೇದು. ಡಾಕ್ಟ್ರೇ ಕೊಂದಿದ್ದು, ಕಾಫೀಲಿ ವಿಷ ಹಾಕಿ. ಇದ್ರಲ್ಲಿ ತಮ್ಮ ಬದುಕಿದ್ದಾನೆ, ಕೊನೇಲಿ ಬರ್ತಾನೆ. ಇದ್ರಲ್ಲಿ ಹುಡುಗಿ ಪಾಪ ಮಾವನ ಮಗನ್ನೇ..."

"ರೀ! ರೀ! ನಿಲ್ಸ್ರೀ!" ಸುಭದ್ರಮ್ಮ ಎರಡೂ ಕಿವಿ ಮುಚ್ಚಿಕೊಂಡು ಚೀರಿದರು. "ಯಾರಾದ್ರೂ ಮೊದಲು ಕೊನೇ ಪುಟ ಓದ್ತಾರೇನ್ರೀ!"

ಪರಮೇಶ್ವರಪ್ಪನವರು ಮಿಕಿಮಿಕಿ ನೋಡಿದರು.

"ಇಷ್ಟು ವರ್ಷ ಸೀರೆ ಮಾರಿದ್ದೀನಿ ಮಾರಾಯ್ತಿ. ಮೊದಲು ಸೆರಗು ನೋಡ್ದೆ ಯಾರಾದ್ರೂ ಸೀರೆ ತಗೊಂಡಿದ್ದಾರಾ? ಸೆರಗು ಆರಕ್ಕಾರೂ ಫಸ್ಟ್ ಕ್ಲಾಸಾಗಿದೆ. ಒಡಲು ನೀನು ನಿಧಾನಕ್ಕೆ ನೋಡ್ಕೋ!"