ಟ್ಯಾಬ್ ಗುರುತಿಸಿದ ಅವ್ವ

ಮೂರು ವರ್ಷದ ಮಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಇಂದಿಗೆ ಎಂಟು ದಿನ. ಅಂದರೆ ನಾನು ಬಿಸಿ ಚಹಾ ಕುಡಿದೂ ಎಂಟು ದಿನ. ಶಹಾಪುರದಲ್ಲಿ ವಿಜ್ಞಾನದ ಮಾಸ್ತರರಾಗಿರುವ ನಮ್ಮ ಮನೆಯವರು, ಶಾಂತಕುಮಾರ, ತರಬೇತಿಯಿಂದ ಒಂದು ಟ್ಯಾಬ್, ಅದಕ್ಕೆ ಜೋಡಿಯಾಗಿ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ತಂದದ್ದೇ ಇದಕ್ಕೆಲ್ಲ ಮೂಲ. ಇನ್ನು ಮುಂದೆ ಕಂಪ್ಯೂಟರ್ ಅಂದರೆ ಇದೇ ಎಂದು ಘೋಷಿಸಿದರು. ಮನೆಮಂದಿಯ ಮಾತು ಕೇಳಿ ಕೇಳಿ ಯಾರು ಯಾರೆಂದು ಅದೇ ತಿಳಿದುಕೊಳ್ಳುತ್ತದಂತೆ; ತಾಯಿಯ ದನಿ ಹೇಳಿದರೆ ಮಾತ್ರ ಬಂದ್ ಆಗುತ್ತದಂತೆ. (ನನ್ನ ಮಾತು ಕೇಳುವ ಒಂದು ಸಾಮಾನಾದರೂ ಮನೆಗೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.)

ನಿನ್ನೆ ಮಧ್ಯಾಹ್ನ ಹೆಡ್‌ಸೆಟ್ ಹಾಕಿಕೊಂಡು ನಡುಮನೆಯಲ್ಲಿ ಕೂತೆ. ಹೊರಗೆ ಸುಡುವ ಬಿಸಿಲು, ಕಣ್ಣೊಳಗೆ ನೀಲಿ ಸಮುದ್ರ. ಮೀನೊಂದು ಮೂಗಿನ ಹತ್ತಿರ ಬರುವಷ್ಟರಲ್ಲಿ ಕಿವಿಯೊಳಗೆ ತಣ್ಣನೆಯ ದನಿ:

"ನಿಮ್ಮ ತಾಯಿಯವರು ನಿಮ್ಮ ಹಿಂದೆ ನಿಂತಿದ್ದಾರೆ."

ನನ್ನ ಅವ್ವ ತೀರಿಕೊಂಡು ನಾಲ್ಕು ವರ್ಷ.

ಮೀನು ಈಜುತ್ತಲೇ ಇತ್ತು. ಹೆಗಲ ಮೇಲೆ ಯಾರೋ ಕೈ ಇಟ್ಟರು. ಹೆಡ್‌ಸೆಟ್ ಕಿತ್ತು ತಿರುಗಿದರೆ ಮಗಳು.

ಅವಳಿಗೆ ನನ್ನ ಅವ್ವನ ಹೆಸರನ್ನೇ ಇಟ್ಟಿದ್ದೇವೆ, ಮಾಳಮ್ಮ ಎಂದು. ಹೆತ್ತವಳ ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳದು. ಹೀಗಾಗಿ 'ಬಾ ನಮ್ಮವ್ವ', 'ಉಣ್ಣು ನಮ್ಮವ್ವ'. ಅವಳೋ ಅಪ್ಪನನ್ನು ನೋಡಿ ಕಲಿತು ನನ್ನನ್ನು 'ಕಲ್ಪನಾ' ಎಂದೇ ಕರೆಯುತ್ತಾಳೆ. ಇಷ್ಟು ದಿನ ಇದನ್ನೆಲ್ಲ ಕೇಳಿದ ಟ್ಯಾಬ್ ಪಟ್ಟಾಭಿಷೇಕ ಮುಗಿಸಿತ್ತು. ತಾಯಿ: ಮಾಳಮ್ಮ. ಮಗಳು: ಕಲ್ಪನಾ.

ಮನೆಯವರಿಗೆ ದೂರು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೇನ್ ಕೇಳ್ತಿ, ನಿಮ್ಮವ್ವಗ ಕೇಳು. ಹೋದ್ರೂ ಮನಿ ಆಕಿ ಕೈಯಾಗೇ ಅದ."

ಇಂದು ಮಧ್ಯಾಹ್ನ ಗಟ್ಟಿಮನಸ್ಸು ಮಾಡಿ, ಮಗಳು ಕಾರ್ಟೂನ್ ನೋಡುತ್ತಿದ್ದ ಟ್ಯಾಬಿನ ಮುಂದೆ ನಿಂತೆ. "ಬಂದ್ ಆಗು. ಈಕಿನ್ನ ಹಡದಾಕಿ ನಾನು."

"ತಾಯಿಯವರ ಒಪ್ಪಿಗೆ ಬೇಕು," ಎಂದಿತು ಅದು. "ಅಮ್ಮಾ, ಕಲ್ಪನಾ ಈಗ ಮಲಗಬೇಕೇ?"

ಮಗಳು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಅದರ ಮುಂದೆ ಬಾಲ್ಯದಲ್ಲಿ ನಾನು ಎಷ್ಟೋ ಸಲ ತಲೆ ತಗ್ಗಿಸಿದ್ದೆ.

"ಮಕ್ಕೋ ಕಲ್ಪನಾ. ಕಣ್ಣ ಮುಚ್ಚು."

ಟ್ಯಾಬ್ ಕಸಿದುಕೊಂಡು ಅಳಿಸುವುದಕ್ಕಿಂತ ಪಕ್ಕದಲ್ಲಿ ಮಲಗಿದರೆ ಅವಳಿಗೇ ನಿದ್ದೆ ಹತ್ತುತ್ತದೆ ಎಂದು ಲೆಕ್ಕ ಹಾಕಿ ಚಾಪೆಯ ಮೇಲೆ ಮಲಗಿದೆ. ಅವಳು ನನ್ನ ಬೆನ್ನು ತಟ್ಟತೊಡಗಿದಳು. ಎರಡು ಸಲ, ಒಂದು ಬಿಡುವು, ಮತ್ತೆ ಎರಡು ಸಲ. ಹಾಗೆ ತಟ್ಟುತ್ತಿದ್ದವಳು ನನ್ನ ಅವ್ವ ಒಬ್ಬಳೇ. ನಾನು ಮಗಳಿಗೆ ಎಂದೂ ಹಾಗೆ ತಟ್ಟಿದವಳಲ್ಲ. ಏಳಬೇಕೆಂದುಕೊಂಡೆ. ಆದರೆ ಆ ಕೈ ಎಷ್ಟು ಬೆಚ್ಚಗಿತ್ತೆಂದರೆ...

ಎಚ್ಚರವಾದಾಗ ಸಂಜೆ ಐದು. ಮನೆಯವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ಟೂನ್ ನೋಡುತ್ತಿದ್ದ ಮಗಳು ತುಟಿಯ ಮೇಲೆ ಬೆರಳಿಟ್ಟು ಅವರಿಗೆ ಹೇಳುತ್ತಿದ್ದಳು:

"ಸಪ್ಪಳ ಮಾಡಬ್ಯಾಡ ಅಪ್ಪಾ. ಈಗರೆ ಮಲಗಿಸೀನಿ."