ಟ್ಯಾಂಕಿನ ಬುಡದ ಪಂಪು

ನಾನು ಸ್ನಾನದ ಮನೆಗೆ ಹೋಗುವುದು ಬರೀ ಸ್ನಾನಕ್ಕಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರೂ ಕರೆಯದ, ಫೋನು ಒಳಗೆ ಬಾರದ ಜಾಗ ಮನುಷ್ಯನಿಗೆ ಒಂದಾದರೂ ಬೇಕು. ತೆಲುಗು ನಾಡಿನ ಲಿಂಗಂಪಲ್ಲಿಯ ನಮ್ಮ ಮನೆಯಲ್ಲಿ ಷವರಿನಿಂದ ನೀರು ನೂಲಿನಂತೆ ಇಳಿಯುತ್ತಿತ್ತು. ಅದರ ಕೆಳಗೆ ಕಣ್ಣು ಮುಚ್ಚಿ ನಿಂತರೆ ಸಾಕು, ಕೊಂಡಾಪುರದ ಆಫೀಸು ಕರಗಿ, ಮೈಸೂರಿನ ಯಾವುದೋ ಸಂಪಿಗೆ ಮರದಡಿ ನಾನೊಂದು ಪುಸ್ತಕದಂಗಡಿ ಇಟ್ಟುಕೊಂಡಿರುತ್ತಿದ್ದೆ. ಗಿರಾಕಿಗಳು ಬರುತ್ತಿರಲಿಲ್ಲ. ಅದೇ ಅದರ ಸುಖ.

ಬಾಗಿಲು ಬಡಿಯುವವಳು ನನ್ನ ಹೆಂಡತಿ, ಬಾಗಲಕೋಟೆಯ ಶೈಲಜಾ. "ಅರ್ಧಾ ತಾಸು ಆತ್ರೀ. ಒಳಗ ಮಲಗೀರೇನು?" ತಪ್ಪು ನನ್ನದಲ್ಲ, ನೀರಿನದು ಎಂದೆ. ಹಾಗೆಂದ ಮೇಲೆ ನೀರನ್ನು ಜೋರು ಮಾಡುವ ಪಂಪು ತರದೆ ವಿಧಿಯಿರಲಿಲ್ಲ. ಅದನ್ನು ಎಲ್ಲಿ ಕೂರಿಸುವುದು? ರಾಯಚೂರಿನ ಪ್ಲಂಬರ್ ಭೀಮಣ್ಣ ಯೋಚಿಸಲೂ ಇಲ್ಲ. "ಟ್ಯಾಂಕಿನ ಬುಡಕ್ಕ ಇಡ್ರಿ ಸರ. ಪಂಪಿಗೆ ನೀರು ನೂಕಾಕ ಬರ್ತೈತಿ, ದೂರದಿಂದ ಜಗ್ಗಾಕ ಬರಂಗಿಲ್ಲ." ಆದರೆ ನಾನು ಆಗಷ್ಟೇ ಟೀಮ್ ಲೀಡ್ ಆಗಿದ್ದೆ. ಕಂಪ್ಯೂಟರ್ ಸರ್ವರ್ ಅನ್ನು ಬಳಸುವವರ ಹತ್ತಿರ ಇಟ್ಟಷ್ಟೂ ವೇಗ ಹೆಚ್ಚು ಎಂಬುದು ನಮ್ಮ ಆಫೀಸಿನ ಸತ್ಯ. ಪಂಪೂ ಷವರಿನ ಹತ್ತಿರವೇ ಇರಬೇಕೆಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬಾಣಗಳನ್ನು ಎಳೆದು ವಿವರಿಸಿದೆ. ಭೀಮಣ್ಣ ಅದನ್ನು ಎರಡು ಸಲ ತಿರುಗಿಸಿ ನೋಡಿ, "ನಿಮ್ಮ ಮನಿ, ನಿಮ್ಮ ಮರ್ಜಿ" ಎಂದು ಪಂಪನ್ನು ಸ್ನಾನದ ಮನೆಯ ಅಟ್ಟದಲ್ಲೇ ಕೂರಿಸಿದ.

ತಾರಸಿಯ ಟ್ಯಾಂಕಿನಿಂದ ಇಳಿದ ಸಣ್ಣ ಪೈಪು ಅಡುಗೆಮನೆಯನ್ನೆಲ್ಲ ಸುತ್ತಿಕೊಂಡು ಅಲ್ಲಿಗೆ ಬರುತ್ತಿತ್ತು. ಪಂಪಿಗೆ ನೀರು ಸಾಲದೆ ಏದುಸಿರು ಬಂತು. ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ಕೊಡುವ ಬದಲು ಅದು ಗಾಳಿಯನ್ನು ಒಳಗೆ ಎಳೆದುಕೊಳ್ಳತೊಡಗಿತು. "ನಲ್ಲಿಗೆ ದಮ್ಮು ಹತ್ತೈತಿ, ಡಾಕ್ಟರಿಗೆ ತೋರಸ್ರಿ" ಎಂದಳು ಶೈಲಜಾ. ಮೂರನೆಯ ದಿನ ಭೀಮಣ್ಣ ಬಂದು ಪಂಪನ್ನು ತಾರಸಿಗೆ, ಟ್ಯಾಂಕಿನ ಬುಡಕ್ಕೆ ಒಯ್ದ. ಹೋಗುವಾಗ ನನ್ನ ಬಾಣಗಳ ಕ್ಯಾಲೆಂಡರನ್ನು ಮತ್ತೆ ಗೋಡೆಗೆ ನೇತುಹಾಕಿದ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಷವರ್ ತಿರುಗಿಸಿದೆ. ನೀರು ಬೆನ್ನಿಗೆ ಗುದ್ದಿತು. ಪುಸ್ತಕದಂಗಡಿಯ ಬೀಗ ತೆಗೆಯುವುದರೊಳಗೆ ಸ್ನಾನವೇ ಮುಗಿದಿತ್ತು. ಒಂದು ವಾರ ಎಲ್ಲರಿಗಿಂತ ಮೊದಲು ಆಫೀಸು ಸೇರಿ ಖಾಲಿ ಕುರ್ಚಿಗಳನ್ನು ನೋಡುತ್ತ ಕೂತೆ. ನಿಜಕ್ಕೂ ದುಃಖವಾಯಿತು. ಆದರೆ ಯಾರ ಹತ್ತಿರ ಹೇಳುವುದು? ಪಂಪು ಬೇಕೆಂದವನು ನಾನೇ.

ಟ್ಯಾಂಕಿನ ನೆರಳು ಶೈಲಜಾ ಬೆಳಗಿನ ಚಹಾ ಕುಡಿಯುವ ಜಾಗ. ಪಕ್ಕದ ತಾರಸಿಯ ಆಂಟಿಯೊಡನೆ ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಹರಟುವುದೂ ಅಲ್ಲೇ. ಎಂಟನೆಯ ದಿನ ನಾನು ಸೋಪು ಹಚ್ಚುತ್ತಿದ್ದಾಗ ಪಂಪಿನ ಗುಂಯ್‌ಗುಡುವಿಕೆ ನಿಂತಿತು. ಅದರ ಸದ್ದಿನಲ್ಲಿ ಹರಟೆ ಕೇಳಿಸದೆ ಅವಳೇ ಸ್ವಿಚ್ಚು ಆರಿಸಿದ್ದಳು. ನೀರು ಮತ್ತೆ ನೂಲಾಯಿತು. ಸಂಪಿಗೆಯ ವಾಸನೆ ಬಂತು.

"ನೀರು ಸಣ್ಣಗ ಆತೇನ್ರೀ?" ಮೇಲಿನಿಂದ ಕೇಳಿದಳು.

"ಇಲ್ಲ, ಜೋರಾಗೇ ಇದೆ" ಎಂದೆ.

ಈಗ ದಿನವೂ ಅವಳ ಹರಟೆಯೂ ನನ್ನ ಅಂಗಡಿಯೂ ಒಂದೇ ಹೊತ್ತಿಗೆ ತೆರೆಯುತ್ತವೆ. ಆಫೀಸಿಗೆ ಮತ್ತೆ ತಡವಾಗುತ್ತಿದೆ. ಯಾಕೆಂದು ಕೇಳಿದವರಿಗೆ, ಪಂಪನ್ನು ಎಲ್ಲಿಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ ಎನ್ನುತ್ತೇನೆ.